ಕೆಮ್ಮಣ್ಣುಗುಂಡಿಯ ಮಂಜಿನ ಹಾದಿಯಲ್ಲಿ

ಬೆಟ್ಟವನ್ನು ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಬಯಲುಸೀಮೆಯವರಾದ ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಕಾಲ್ನಡಿಗೆಯ ಯಾತ್ರಿಕರ ಮಟ್ಟಿಗೆ ಈ ಮಾತು ನಿಜವೂ ಇರಬಹುದು. ಆದರೆ ಮೋಟಾರುಸೈಕಲ್ಲಿನಲ್ಲಿ ಘಟ್ಟ ಹತ್ತಿ ಇಳಿದವರ ಅನುಭವ ಇದಕ್ಕೆ ವಿರುದ್ಧವಾದುದು. ಏರುವಾಗ ತಪ್ಪು ಮಾಡಿದರೆ ಗಾಡಿ ನಿಂತುಬಿಡುತ್ತದೆ. ಇಳಿಯುವಾಗ ತಪ್ಪು ಮಾಡಿದರೆ ಅದು ನಿಲ್ಲುವುದೇ ಇಲ್ಲ. ಈ ಸತ್ಯವನ್ನು ಕಲಿಯಲು ನಮಗೆ ಕೆಮ್ಮಣ್ಣುಗುಂಡಿಯ ಹಾದಿಯೇ ಪಾಠಶಾಲೆಯಾಯಿತು. ಕಳೆದ ಪುಷ್ಯ ಮಾಸದಲ್ಲಿ ಅದೇ ಪಾಠವನ್ನು ನಮ್ಮ ಅಣ್ಣನ ಮಗನಿಗೆ ಹೇಳಿಕೊಡುವ ಸಂದರ್ಭ ಒದಗಿತು. ಆ ಪ್ರಯಾಣದ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಅಭಿಲಾಷೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಉದ್ಯೋಗ. ಸಂಕ್ರಾಂತಿಗೆಂದು ತರೀಕೆರೆಗೆ ಬಂದಿದ್ದವನು ಎಳ್ಳು ಬೆಲ್ಲ ಹಂಚುತ್ತಲೇ ಒಂದು ಸುದ್ದಿಯನ್ನೂ ಹಂಚಿದನು. ತಾನು ಮತ್ತು ಮೂವರು ಗೆಳೆಯರು ಮಾಘ ಮಾಸದಲ್ಲಿ ಹಿಮಾಚಲ ಪ್ರದೇಶಕ್ಕೆ ಹೋಗುವುದಾಗಿಯೂ, ಮನಾಲಿಯಲ್ಲಿ ಬಾಡಿಗೆಗೆ ಮೋಟಾರುಸೈಕಲ್ಲು ಪಡೆದು ಹಿಮ ಬಿದ್ದ ಹಾದಿಯಲ್ಲಿ ಲಾಹೌಲ್ ಕಣಿವೆಯವರೆಗೆ ಸಾಗುವುದಾಗಿಯೂ ಹೇಳಿದನು. ಅಣ್ಣನವರು ಏನೂ ಮಾತನಾಡಲಿಲ್ಲ. ಅತ್ತಿಗೆಯವರು ಮಾತ್ರ ಅಡುಗೆಮನೆಗೆ ನಮ್ಮನ್ನು ಕರೆದು, "ನಮ್ಮ ಮಾತು ಅವನ ಕಿವಿಗೆ ಬೀಳುವುದಿಲ್ಲ. ಚಿಕ್ಕಪ್ಪ ಎಂದರೆ ಅವನಿಗೆ ಗೌರವ. ನೀವಾದರೂ ಒಂದು ಮಾತು ಹೇಳಿ" ಎಂದು ಕಣ್ಣೊರೆಸಿಕೊಂಡರು. ಬೇಡವೆಂದರೆ ಈ ವಯಸ್ಸಿನ ಹುಡುಗರು ಹೇಳದೆಯೇ ಹೊರಡುತ್ತಾರೆ. ಆದ್ದರಿಂದ ನಾವು ಬೇಡವೆನ್ನಲಿಲ್ಲ. "ಹೋಗುವಿಯಂತೆ ಮರಿ, ಅದಕ್ಕೆ ಮೊದಲು ಶನಿವಾರ ನಮ್ಮೊಡನೆ ಕೆಮ್ಮಣ್ಣುಗುಂಡಿಗೆ ಬಾ" ಎಂದೆವು. "ಅಲ್ಲಿ ಹಿಮ ಎಲ್ಲಿದೆ ಚಿಕ್ಕಪ್ಪ?" ಎಂದು ಅವನು ನಕ್ಕನು. "ಹಿಮವಿಲ್ಲ, ಮಂಜು ಇದೆ. ಕಲಿಯುವವನಿಗೆ ಅಷ್ಟು ಸಾಕು" ಎಂದು ಉತ್ತರಿಸಿದೆವು.

ಹೊರಡುವ ಹಿಂದಿನ ಸಂಜೆ ಎರಡೂ ಗಾಡಿಗಳನ್ನು ಅಂಗಳದಲ್ಲಿ ನಿಲ್ಲಿಸಿ ಪರೀಕ್ಷಿಸಿದೆವು. ಅವನದು ಹೊಸ ಕಾಲದ ವಾಹನ. ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಎಂಬ ಏರ್ಪಾಡು ಅದರಲ್ಲಿದೆ. ನೂರಿಪ್ಪತ್ತೈದು ಸಿಸಿಗಿಂತ ಹೆಚ್ಚಿನ ಹೊಸ ಮೋಟಾರುಸೈಕಲ್ಲುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಗಿದೆ. ನಮ್ಮದು ಹಳೆಯ ಯೆಜ್ಡಿ. 1961ರಿಂದ 1996ರವರೆಗೆ ಮೈಸೂರಿನಲ್ಲಿ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಗೇರಿನ ಸನ್ನೆಯನ್ನೇ ಮೇಲೆತ್ತಿ ಕಿಕ್ ಹೊಡೆಯುವ ಆ ಗಾಡಿಯನ್ನು ಕಂಡರೆ ಹುಡುಗರಿಗೆ ಇಂದಿಗೂ ಬೆರಗು. ಗಾಡಿ ಹೊಸದಿರಲಿ ಹಳೆಯದಿರಲಿ, ಬೆಟ್ಟಕ್ಕೆ ಹೊರಡುವ ಮುನ್ನ ನೋಡಬೇಕಾದುವು ಅವೇ: ಟೈರಿನ ಗೀರುಗಳು ಸವೆದಿವೆಯೇ, ಬ್ರೇಕು ಸಮನಾಗಿ ಹಿಡಿಯುತ್ತದೆಯೇ, ಮುಂದಿನ ದೀಪ, ಹಿಂದಿನ ಕೆಂಪು ದೀಪ ಮತ್ತು ಹಾರನ್ನು ಸರಿಯಾಗಿವೆಯೇ, ಸರಪಣಿ ಸಡಿಲವಾಗಿದೆಯೇ ಎಂಬುದು. ಹೆಲ್ಮೆಟ್ಟಿನ ಮೇಲೆ ಐಎಸ್ಐ ಗುರುತಿರಬೇಕು. ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯದಿದ್ದರೆ ಹೆಲ್ಮೆಟ್ಟು ಇದ್ದೂ ಇಲ್ಲದಂತೆಯೇ ಸರಿ.

ಶನಿವಾರ ಬೆಳಗಿನ ಜಾವ ಇಷ್ಟಲಿಂಗ ಪೂಜೆ ಮುಗಿಸಿ, ಅತ್ತಿಗೆಯವರು ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಪ್ರಯಾಣ ಬೆಳೆಸಿದೆವು. ತರೀಕೆರೆಯಿಂದ ಲಿಂಗದಹಳ್ಳಿಯ ಮೂಲಕ ಕೆಮ್ಮಣ್ಣುಗುಂಡಿಗೆ ಸುಮಾರು 35 ಕಿಲೋಮೀಟರುಗಳ ಹಾದಿ. ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುವುದು ಸಾಮಾನ್ಯ ನಿಯಮ. ಎಂದರೆ ಊರಿನಲ್ಲಿ ಹಿತವಾಗಿರುವ ಚಳಿ ಬೆಟ್ಟದ ನೆತ್ತಿಯಲ್ಲಿ ನಾಲ್ಕೈದು ಡಿಗ್ರಿ ಹೆಚ್ಚು ಕೊರೆಯುತ್ತದೆ. ಓಡುವ ಗಾಡಿಯ ಮೇಲೆ ಬೀಸುವ ಗಾಳಿ ಅದನ್ನು ಇಮ್ಮಡಿಸಿದಂತೆ ಮಾಡುತ್ತದೆ. ಮೊದಲು ಮರಗಟ್ಟುವುದು ಕೈಬೆರಳುಗಳು. ಬ್ರೇಕನ್ನೂ ಕ್ಲಚ್ಚನ್ನೂ ಹಿಡಿಯುವುದು ಅವೇ ಬೆರಳುಗಳಲ್ಲವೇ? ಆದಕಾರಣ ಕೈಗವಸು ಶೋಕಿಯ ವಸ್ತುವಲ್ಲ, ಬ್ರೇಕಿನಷ್ಟೇ ಅಗತ್ಯವಾದ ಸಾಧನ ಎಂದು ಹುಡುಗನಿಗೆ ಮೊದಲ ಪಾಠ ಹೇಳಿದೆವು.

ಲಿಂಗದಹಳ್ಳಿ ದಾಟಿದೊಡನೆ ಬಯಲು ಮುಗಿದು ಮಲೆನಾಡು ತೆರೆದುಕೊಳ್ಳುತ್ತದೆ. ಅಡಿಕೆ ತೋಟಗಳ ಹಸುರು ಹಿಂದಾಗಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿ ಗಿಡಗಳು ಕೆಂಪು ಹಣ್ಣು ಹೊತ್ತು ನಿಂತಿದ್ದುವು. ಕಾಫಿ ಕೊಯ್ಲಿನ ಕಾಲ. ಆಳುಗಳನ್ನು ತುಂಬಿಕೊಂಡ ಜೀಪುಗಳೂ ಟ್ರ್ಯಾಕ್ಟರುಗಳೂ ಬೆಳಗಿನ ಹೊತ್ತಿನಲ್ಲೇ ತಿರುವುಗಳಲ್ಲಿ ಎದುರಾಗುತ್ತವೆ. ಕಾಣದ ತಿರುವಿನಲ್ಲಿ ಹಾರನ್ನು ಮಾಡಿ, ನಮ್ಮ ಎಡಗಡೆಯನ್ನು ಬಿಡದೆ ಸಾಗಿದೆವು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ದಾರಿ ಎಂಬುದು ಸೌಜನ್ಯ ಮಾತ್ರವಲ್ಲ, ರಸ್ತೆ ನಿಯಮವೂ ಹೌದು. ಏಕೆಂದರೆ ಏರಿನಲ್ಲಿ ನಿಂತ ಭಾರದ ಗಾಡಿ ಮತ್ತೆ ಹೊರಡುವುದು ಕಷ್ಟ.

ಅಲ್ಲಿಂದ ಮುಂದೆ ಮಂಜು ಕವಿಯಿತು. ಮೊದಲು ಮರಗಳ ತುದಿ, ಆಮೇಲೆ ಬುಡ, ಕೊನೆಗೆ ಹತ್ತು ಮಾರು ಮುಂದಿದ್ದ ನಮ್ಮ ಹುಡುಗನ ಗಾಡಿಯೂ ಕಾಣದಾಯಿತು. ಹಾರನ್ನು ಮಾಡಿ ಅವನನ್ನು ನಿಲ್ಲಿಸಿ, ನಿಧಾನವಾಗಿ ಕಲ್ಹತ್ತಿಗಿರಿಯನ್ನು ಸೇರಿ ಗಾಡಿಗಳನ್ನು ಬದಿಗಿಟ್ಟೆವು. ಬಂಡೆಗಳ ಮೇಲಿಂದ ಧುಮುಕುವ ಜಲಧಾರೆಯ ಬುಡದಲ್ಲೇ ಶ್ರೀ ವೀರಭದ್ರಸ್ವಾಮಿಯ ಪುರಾತನ ಸನ್ನಿಧಿ ಇದೆ. ಕಲ್ಲಿನಲ್ಲಿ ಕಡೆದ ಆನೆಗಳ ಮೇಲಿನಿಂದ ನೀರು ಹರಿದು ಬರುವ ದೃಶ್ಯ ಭಕ್ತರ ಕಣ್ಣಿಗೆ ಹಬ್ಬ. ದರ್ಶನ ಮುಗಿದ ಮೇಲೂ ನಾವು ಹೊರಡಲಿಲ್ಲ. "ಇನ್ನು ಹತ್ತೇ ಕಿಲೋಮೀಟರ್, ಹೋಗಿಬಿಡೋಣ ಚಿಕ್ಕಪ್ಪ" ಎಂದು ಅವನು ಅವಸರಪಡಿಸಿದನು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಒಂದು ಲೆಕ್ಕ ಕೇಳಿದೆವು.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರ್ ಕ್ರಮಿಸುತ್ತದೆ. ಎದುರಿಗೆ ಏನೋ ಇದೆಯೆಂದು ಕಣ್ಣು ಕಂಡು, ಮನಸ್ಸು ಅರಿತು, ಕೈ ಬ್ರೇಕನ್ನು ಮುಟ್ಟುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದುಹೋಗಿರುತ್ತದೆ. ಬ್ರೇಕು ಹಿಡಿಯುವುದು ಅದರ ನಂತರ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಮತ್ತಷ್ಟು ದೂರ ಬೇಕು. ಮಂಜಿನಲ್ಲಿ ಕಾಣುವುದೇ 15 ಮೀಟರಾದರೆ 40ರ ವೇಗದಲ್ಲಿ ಹೋಗುವವನು ಕಣ್ಣು ಮುಚ್ಚಿಕೊಂಡು ಹೋದಂತೆಯೇ ಅಲ್ಲವೇ? ಕಿರಿದಾದ ರಸ್ತೆಯಲ್ಲಿ ಎದುರಿನವನಿಗೂ ನಿಲ್ಲಲು ಜಾಗ ಬೇಕು. ಆದುದರಿಂದ ಕಣ್ಣಿಗೆ ಎಷ್ಟು ದೂರ ಕಾಣುತ್ತದೆಯೋ ಅದರ ಅರ್ಧದೊಳಗೆ ನಿಲ್ಲಿಸಬಲ್ಲ ವೇಗವೇ ಸುರಕ್ಷಿತ ವೇಗ. ಅಷ್ಟು ನಿಧಾನವಾಗಿ ಹೋಗಲು ಸಾಧ್ಯವಾಗದಿದ್ದರೆ ನಿಲ್ಲುವುದೇ ಲೇಸು. ಹುಡುಗನು ಲೆಕ್ಕದಲ್ಲಿ ನಮಗಿಂತ ಜಾಣ. ಮರುಮಾತನಾಡದೆ ಬುತ್ತಿ ಬಿಚ್ಚಿದನು. ಒಂದೂವರೆ ಗಂಟೆಯ ನಂತರ ಬಿಸಿಲು ಮೂಡಿ, ತೆರೆ ಸರಿದಂತೆ ಬೆಟ್ಟದ ಮೈ ಕಾಣಿಸಿತು.

ಮುಂದಿನ ಏರಿನಲ್ಲಿ ಅಲ್ಲಲ್ಲಿ ಮಂಜಿನ ತುಣುಕುಗಳು ಉಳಿದಿದ್ದುವು. ಇಂಥಲ್ಲಿ ದೀಪವನ್ನು ಎತ್ತರಕ್ಕೆ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ; ತಗ್ಗಿಸಿದ ದೀಪವೇ ಒಳ್ಳೆಯದು. ಉಸಿರಿನ ಹಬೆಯಿಂದ ಹೆಲ್ಮೆಟ್ಟಿನ ಗಾಜು ಮಬ್ಬಾದರೆ ಅದನ್ನು ಒಂದು ಬೆರಳಿನಷ್ಟು ತೆರೆದಿಡಬೇಕು. ಬಿಸಿಲು ಬೀಳದ ತಿರುವುಗಳಲ್ಲಿ ಇಬ್ಬನಿಗೆ ನೆನೆದ ತರಗೆಲೆಗಳು ರಸ್ತೆಗೆ ಅಂಟಿಕೊಂಡಿರುತ್ತವೆ. ಅಂಚಿನಲ್ಲಿ ಪಾಚಿಯೂ ಕೆಮ್ಮಣ್ಣಿನ ಕೆಸರೂ ಇರುತ್ತದೆ. ಅಂಥದೊಂದು ತಿರುವಿನಲ್ಲಿ ಹುಡುಗನು ಗಾಡಿಯನ್ನು ಓರೆ ಮಾಡಿಕೊಂಡೇ ಬ್ರೇಕ್ ಒತ್ತಿದನು. ಹಿಂದಿನ ಚಕ್ರ ಒಂದು ಮೊಳ ಪಕ್ಕಕ್ಕೆ ಜಾರಿತು. ವೇಗ ಕಡಮೆಯಿದ್ದುದರಿಂದ ಕಾಲೂರಿ ಸಾವರಿಸಿಕೊಂಡನು. ಬ್ರೇಕನ್ನು ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಹಾಕಿ ಮುಗಿಸಬೇಕು. ತಿರುವಿನೊಳಗೆ ಹದವಾದ ಒಂದೇ ವೇಗವಿರಬೇಕು ಎಂಬ ಪಾಠವನ್ನು ನಾವು ಹೇಳುವ ಮೊದಲೇ ಎಲೆಗಳು ಹೇಳಿಕೊಟ್ಟವು.

ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಅದರ ಕಥೆಯಿದೆ. ಕೆಂಪು ಮಣ್ಣಿನ ಗುಂಡಿ ಎಂದರೆ ಕಬ್ಬಿಣದ ಅದಿರಿನ ನೆಲೆ. 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಹೋಗುತ್ತಿತ್ತು. ಬೆಟ್ಟದಿಂದ ಕೆಳಗಿನ ತಣಿಗೆಬೈಲಿಗೆ ತಂತಿಹಾದಿಯ ತೊಟ್ಟಿಲುಗಳಲ್ಲಿ ಅದಿರನ್ನು ಇಳಿಸುತ್ತಿದ್ದರು. ಈಗ ಗಣಿಗಾರಿಕೆ ನಿಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪ್ರಿಯವಾದ ಬೇಸಗೆಯ ವಿಶ್ರಾಂತಿಧಾಮವಾಗಿದ್ದ ಈ ತಾಣಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂದು ಅವರ ಹೆಸರೇ ಉಳಿದಿದೆ. ತೋಟಗಾರಿಕೆ ಇಲಾಖೆಯ ಉದ್ಯಾನದಲ್ಲಿ ಗುಲಾಬಿಗಳು ಮಂಜಿನ ಹನಿ ಹೊತ್ತು ನಿಂತಿದ್ದುವು. ರಾಜಭವನದ ಮುಂದಿನಿಂದ ನೋಡಿದರೆ ಬಾಬಾಬುಡನ್ ಗಿರಿಶ್ರೇಣಿಯ ಮಡಿಕೆಗಳು ಒಂದರ ಹಿಂದೊಂದು ನೀಲಿಯಾಗಿ ಕರಗುತ್ತವೆ. ಗಾಡಿಗಳನ್ನು ಅಲ್ಲೇ ಬಿಟ್ಟು ಶಾಂತಿ ಜಲಪಾತದ ಮಗ್ಗುಲಿನ ಕಾಲುದಾರಿ ಹಿಡಿದು ಜೆಡ್ ಪಾಯಿಂಟಿನವರೆಗೆ ನಡೆದು ಬಂದೆವು. ಆ ಕಡಿದಾದ ಅಂಚಿನಲ್ಲಿ ನಿಂತಾಗ ಮಾತು ತಾನಾಗಿ ನಿಲ್ಲುತ್ತದೆ.

ಮರಳಿ ಬಂದಾಗ ಮಧ್ಯಾಹ್ನ ಎರಡೂವರೆ. ಇಲ್ಲಿಂದ ಬಾಬಾಬುಡನ್‌ಗಿರಿಯತ್ತ ಒಂದು ಕಲ್ಲುಹಾದಿ ಇದೆ. ಅದರ ಕೊರಕಲುಗಳ ಖ್ಯಾತಿ ಹುಡುಗನ ಕಿವಿಗೂ ಬಿದ್ದಿತ್ತು. ಹಿಮಾಲಯಕ್ಕೆ ಹೋಗುವವನು ಇದಕ್ಕೆ ಹೆದರಬೇಕೇ ಎಂಬುದು ಅವನ ವಾದ. ಅಷ್ಟರಲ್ಲಿ ಪಡುವಣದಿಂದ ಮಂಜು ಮತ್ತೆ ಏಳತೊಡಗಿತ್ತು. ಹಗಲು ಇನ್ನು ನಾಲ್ಕು ಗಂಟೆಯೂ ಉಳಿದಿರಲಿಲ್ಲವೆನ್ನಬಹುದು. ಸುತ್ತ ಭದ್ರಾ ಅಭಯಾರಣ್ಯಕ್ಕೆ ಸೇರಿದ ಕಾಡು. ಸಂಜೆಯಾದರೆ ಕಾಡುಕೋಣ, ಆನೆಗಳ ಸಂಚಾರದ ಹೊತ್ತು. ದಾರಿಯಲ್ಲಿ ಗಾಡಿ ಕೆಟ್ಟರೆ ದೂರವಾಣಿಯ ಸಂಕೇತವೂ ಸಿಗುವ ಭರವಸೆಯಿಲ್ಲ. "ಹೊರಡುವುದಕ್ಕೆ ಮೊದಲೇ ಹಿಂದಿರುಗುವ ಹೊತ್ತನ್ನು ಗೊತ್ತು ಮಾಡಿಕೊಂಡಿರಬೇಕು ಮರಿ. ಅಲ್ಲಿ ಹೋಗಿ ಯೋಚಿಸುತ್ತೇನೆ ಎಂದರೆ ಬೆಟ್ಟವೇ ನಿನ್ನ ಪರವಾಗಿ ಯೋಚಿಸುತ್ತದೆ" ಎಂದೆವು. ಅವನ ಮುಖ ಸಪ್ಪಗಾಯಿತು. ಆದರೂ ಬಂದ ದಾರಿಗೇ ಗಾಡಿ ತಿರುಗಿಸಿದನು.

ಇಳಿಜಾರು ಆರಂಭವಾದ ಸ್ವಲ್ಪ ಹೊತ್ತಿಗೆ ಅವನ ಗಾಡಿಯ ಸದ್ದು ನಿಂತಿತು. ಎಂಜಿನ್ ಆರಿಸಿ, ಗೇರು ತಪ್ಪಿಸಿ, ಪೆಟ್ರೋಲು ಉಳಿಸುವ ಹುಮ್ಮಸ್ಸಿನಲ್ಲಿ ಅವನು ಸುಮ್ಮನೆ ಉರುಳಿಕೊಂಡು ಹೋಗುತ್ತಿದ್ದನು. ನಮ್ಮ ಎದೆ ಝಲ್ಲೆಂದಿತು. ಜೋರಾಗಿ ಹಾರನ್ನು ಮಾಡಿ ನಿಲ್ಲಿಸಿದೆವು. ಅವನನ್ನು ರಸ್ತೆಯ ಬದಿಗೆ ಕರೆದೊಯ್ದು, ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಅಂದು ಹೇಳಬೇಕಾಯಿತು.

1989ರ ಡಿಸೆಂಬರಿನಲ್ಲಿ ನಾವು ಇದೇ ಯೆಜ್ಡಿಯಲ್ಲಿ ಇದೇ ಹಾದಿಯನ್ನು ಇದೇ ಬಗೆಯಲ್ಲಿ ಇಳಿದಿದ್ದೆವು. ಹಿಂದೆ ಕುಳಿತಿದ್ದವರು ಅಣ್ಣನವರು. ಎಂಜಿನ್ ಆರಿಸಿದೊಡನೆ ಗಾಡಿಯ ಭಾರವನ್ನೆಲ್ಲ ಬ್ರೇಕುಗಳೇ ಹೊರಬೇಕಾಯಿತು. ಎರಡು ಮೂರು ಕಿಲೋಮೀಟರ್ ಬ್ರೇಕ್ ಒತ್ತಿ ಹಿಡಿದ ಮೇಲೆ ಸುಟ್ಟ ವಾಸನೆ ಬಂತು. ಬ್ರೇಕಿನ ಪಟ್ಟಿ ಕಾದು ಹಿಡಿತ ಕಳೆದುಕೊಂಡಿತ್ತು. ಒತ್ತಿದರೆ ಒತ್ತಿದಷ್ಟೂ ಗಾಡಿ ಓಡಿತು. ಬಲಕ್ಕೆ ಕಣಿವೆ, ಎಡಕ್ಕೆ ಗುಡ್ಡದ ಚರಂಡಿ, ಚರಂಡಿಗೇ ನುಗ್ಗಿಸಿದೆವು. ನಮಗೆ ತರಚು ಗಾಯ. ಅಣ್ಣನವರ ಮೊಣಕಾಲಿನ ಚಿಪ್ಪು ಒಡೆಯಿತು. ಕಾಫಿ ತೋಟದ ಆಳುಗಳು ಜೀಪಿನಲ್ಲಿ ಮಲಗಿಸಿಕೊಂಡು ಲಿಂಗದಹಳ್ಳಿಗೆ ತಲುಪಿಸಿದರು. ಆ ಪುಣ್ಯಾತ್ಮರ ಹೆಸರನ್ನು ಕೂಡ ಕೇಳಿಕೊಳ್ಳಲಿಲ್ಲವೆಂಬ ಕೊರಗು ನಮಗೆ ಇಂದಿಗೂ ಇದೆ. ಮನೆಗೆ ಬಂದ ಮೇಲೆ ತಂದೆಯವರು ವಿಚಾರಿಸಿದಾಗ ನಾವು ಬಾಯಿ ತೆರೆಯುವ ಮೊದಲೇ ಅಣ್ಣನವರು, "ದನ ಅಡ್ಡ ಬಂತು" ಎಂದುಬಿಟ್ಟರು. ಅಂದಿನಿಂದ ಅವರು ಕುಂಟುತ್ತಾರೆ. ಅತ್ತಿಗೆಯವರಿಗೂ ಮಕ್ಕಳಿಗೂ ತಿಳಿದಿದ್ದುದು ಆ ದನದ ಕಥೆಯೊಂದೇ.

ಹುಡುಗನು ಬಹಳ ಹೊತ್ತು ಸುಮ್ಮನೆ ನಿಂತಿದ್ದನು. ಬಳಿಕ ಎಂಜಿನ್ ಚಾಲೂ ಮಾಡಿ ಎರಡನೆಯ ಗೇರಿಗೆ ಹಾಕಿದನು. ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳಬರ ನಿಯಮ. ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು, ಎರಡೂ ಚಕ್ರಗಳಿಗೆ ಹಂಚಿ ಬಳಸಿದರೆ ಅದು ಕಾಯುವುದಿಲ್ಲ. ನಮ್ಮ ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ನಿನ ಹಿಡಿತ ಕಡಮೆ. ಪೆಟ್ರೋಲಿನೊಡನೆಯೇ ಎಣ್ಣೆ ಹೋಗುವುದರಿಂದ ಉದ್ದನೆಯ ಇಳಿಜಾರಿನಲ್ಲಿ ಆಗಾಗ ತುಸು ಆಕ್ಸಿಲರೇಟರ್ ಕೊಡುತ್ತಲೂ ಇರಬೇಕು. ಹೀಗೆ ಇಳಿದು, ದಾರಿಯಲ್ಲಿ ಒಮ್ಮೆ ನಿಂತು ಬ್ರೇಕಿಗೂ ಕೈಗಳಿಗೂ ವಿಶ್ರಾಂತಿ ಕೊಟ್ಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಅಂದು ರಾತ್ರಿ ಜಗಲಿಯ ಮೇಲೆ ಕುಳಿತು ಹಿಮದ ಹಾದಿಯ ಮಾತು ತೆಗೆದೆವು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದಾಗಿ 3,978 ಮೀಟರ್ ಎತ್ತರದ ರೋಹತಾಂಗ್ ಕಣಿವೆದಾರಿಯನ್ನು ಹತ್ತದೆಯೇ ಚಳಿಗಾಲದಲ್ಲೂ ಲಾಹೌಲ್ ತಲುಪಬಹುದಾಗಿದೆ. ಆದರೆ ಸುರಂಗದ ಆಚೀಚೆಯ ರಸ್ತೆಯ ಮೇಲೆ ಹಿಮ ಬೀಳದಿರುವುದಿಲ್ಲ. ಹೊಸದಾಗಿ ಬಿದ್ದ ಸಡಿಲ ಹಿಮದಲ್ಲಿ ಚಕ್ರಕ್ಕೆ ಸ್ವಲ್ಪವಾದರೂ ಹಿಡಿತ ಸಿಗುತ್ತದೆ. ವಾಹನಗಳು ತುಳಿದು ಗಟ್ಟಿಯಾದ ಹಿಮದಲ್ಲಿ ಅದು ಇನ್ನೂ ಕಡಮೆ. ಎಲ್ಲಕ್ಕಿಂತ ಅಪಾಯಕಾರಿ ಯಾವುದೆಂದರೆ ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ಉಂಟಾಗುವ ಪಾರದರ್ಶಕ ಪದರ. ನೋಡಿದರೆ ಒದ್ದೆ ರಸ್ತೆ, ಮುಟ್ಟಿದರೆ ಗಾಜು. ಸೇತುವೆಗಳ ಮೇಲೆ, ನೆರಳಿನ ತಿರುವುಗಳಲ್ಲಿ, ಎಂದರೆ ನಮ್ಮಲ್ಲಿ ತರಗೆಲೆ ನೆನೆದಿದ್ದಂಥ ಜಾಗಗಳಲ್ಲೇ ಅದು ಕಾದಿರುತ್ತದೆ. ಎಬಿಎಸ್ ಚಕ್ರ ಕಟ್ಟಿಹೋಗುವುದನ್ನು ತಡೆಯಬಲ್ಲದು, ಇಲ್ಲದ ಹಿಡಿತವನ್ನು ತಂದುಕೊಡಲಾರದು. ಆದ್ದರಿಂದ ಬಿಸಿಲೇರಿದ ಮೇಲೆ ಹೊರಟು ಸಂಜೆಗೆ ಮುಂಚೆ ತಂಗುದಾಣ ಸೇರಬೇಕು. ಆಕ್ಸಿಲರೇಟರನ್ನಾಗಲಿ ಬ್ರೇಕನ್ನಾಗಲಿ ಹಠಾತ್ತಾಗಿ ಬಳಸಬಾರದು. ಮುಂದಿನ ಗಾಡಿಗೂ ನಮಗೂ ನಡುವೆ ಹಲವು ಪಟ್ಟು ಅಂತರ ಬಿಡಬೇಕು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುವುದರಿಂದ ತಲೆನೋವು, ವಾಕರಿಕೆ ಕಾಣಿಸಿಕೊಂಡರೆ ಮುಂದೆ ಏರಬಾರದು, ಕಡಮೆಯಾಗದಿದ್ದರೆ ಕೆಳಗಿಳಿಯಬೇಕು. "ಎಲ್ಲಕ್ಕಿಂತ ಹೆಚ್ಚಾಗಿ, ಹಿಮ ಬೀಳುತ್ತಿದ್ದರೆ ಎರಡು ಚಕ್ರದ ಗಾಡಿಯನ್ನು ನಿಲ್ಲಿಸಿಬಿಡು. ಅದನ್ನು ಸೋಲೆಂದು ತಿಳಿಯಬೇಡ" ಎಂದೆವು.

ಹಿಮಾಲಯಕ್ಕೆ ಹೋಗದ ನಮ್ಮ ಕುಟುಂಬಗಳಿಗೂ ಇಲ್ಲಿ ಎರಡು ಮಾತು ಹೇಳಬೇಕಾಗಿದೆ. ಜಾತ್ರೆಗೆ, ಗಿರಿಧಾಮಕ್ಕೆ ದಂಪತಿಗಳು ಮೋಟಾರುಸೈಕಲ್ಲಿನಲ್ಲಿ ಹೊರಡುವುದು ಈಗ ಸಾಮಾನ್ಯ. ಹಿಂದೆ ಕೂರುವ ತಾಯಂದಿರು ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು. ಅದು ಚಕ್ರಕ್ಕೆ ಸಿಕ್ಕಿದರೆ ಅನಾಹುತ ತಪ್ಪದು. ಬೆಟ್ಟದ ತಿರುವಿನಲ್ಲಿ ಒಂದೇ ಮಗ್ಗುಲಿಗೆ ಕುಳಿತರೆ ತೂಕ ಏರುಪೇರಾಗುತ್ತದೆ. ಅವರಿಗೂ ಹೆಲ್ಮೆಟ್ಟು ಬೇಕೇ ಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟನ್ನೂ ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿಯನ್ನೂ 2023ರ ಫೆಬ್ರವರಿಯಿಂದ ನಿಯಮವೇ ವಿಧಿಸಿದೆ. ಅಂಥ ಮಗುವನ್ನು ಕೂರಿಸಿಕೊಂಡಾಗ ವೇಗ 40 ಕಿಲೋಮೀಟರ್ ಮೀರಬಾರದು. ಮಂಜಿನ ಘಟ್ಟಕ್ಕಾದರೋ ಮಗುವಿನೊಡನೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗುವುದೇ ವಿವೇಕ.

ಹುಡುಗನು ಮಾಘದಲ್ಲಿ ಹೊರಟೇಬಿಟ್ಟನು. ಅತ್ತಿಗೆಯವರು ದಿನವೂ ದೇವರ ಮುಂದೆ ಒಂದು ದೀಪ ಹೆಚ್ಚಾಗಿ ಹಚ್ಚಿದರು. ಶಿವರಾತ್ರಿಯ ಹಿಂದಿನ ವಾರ, ನಾವು ಅಣ್ಣನವರ ಮನೆಯಲ್ಲಿದ್ದಾಗಲೇ ಮನಾಲಿಯಿಂದ ದೂರವಾಣಿ ಬಂತು. ಹಿಂದಿನ ರಾತ್ರಿಯಿಂದ ಹಿಮ ಬೀಳುತ್ತಿದೆ, ಬಾಡಿಗೆಯ ಗಾಡಿಗಳನ್ನು ಹಿಂದಿರುಗಿಸಿದ್ದೇವೆ, ದಾರಿ ತೆರೆದ ಮೇಲೆ ಅಲ್ಲಿನ ಚಾಲಕರ ವಾಹನದಲ್ಲೇ ಸುರಂಗದ ಆಚೆಗೆ ಹೋಗಿ ಬರುತ್ತೇವೆ ಎಂದು ಅವನು ತಿಳಿಸಿದನು. ಅತ್ತಿಗೆಯವರ ಮುಖ ಅರಳಿತು. ಅಣ್ಣನವರು ದೂರವಾಣಿಯನ್ನು ಕೈಗೆ ತೆಗೆದುಕೊಂಡು, ನಮ್ಮನ್ನು ಓರೆನೋಟದಿಂದ ನೋಡುತ್ತ, "ಏಕೋ, ದನ ಅಡ್ಡ ಬಂತೇನು?" ಎಂದು ಕೇಳಿದರು. ಆ ಕಡೆಯಿಂದ ಉತ್ತರ ನಮಗೂ ಕೇಳಿಸಿತು: "ಇಲ್ಲಪ್ಪ, ಚಿಕ್ಕಪ್ಪ ಅಡ್ಡ ಬಂದರು."

ಅಣ್ಣನವರು ಮನಸಾರೆ ನಕ್ಕರು. ಅಷ್ಟು ವರ್ಷಗಳ ಭಾರ ನಮ್ಮ ಎದೆಯಿಂದ ಅಂದು ಇಳಿಯಿತು. ಗಿರಿಯ ಚೆಲುವನ್ನು ಸವಿಯಲು ಹೊರಡುವ ನಮ್ಮ ಸಮಾಜದ ಯುವಕರೆಲ್ಲರೂ ಅವಸರವನ್ನು ಊರಿನಲ್ಲೇ ಬಿಟ್ಟು, ಹೋದ ಹಾದಿಯಲ್ಲೇ ಕ್ಷೇಮವಾಗಿ ಇಳಿದು ಬಂದು ತಮ್ಮ ತಮ್ಮ ಮನೆಯ ದೀಪಗಳನ್ನು ಬೆಳಗಲಿ ಎಂಬುದೇ ನಮ್ಮ ಹಾರೈಕೆ.